ಹರೆಯದ ಓದುಗರೂ ಪುಸ್ತಕಮಾಲೆಗಳೂ

(ಕನ್ನಡ ಕೂಟದ ಯುಗಾದಿ ಸಮಾರಂಭದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಈ ಸಭೆಯಲ್ಲಿ ಮಾತನಾಡಬೇಕೆಂದು ನಿಮ್ಮ ಕಾರ್ಯದರ್ಶಿಗಳು ಕೇಳಿದಾಗ, ವಿಜಯನಗರದ ಆಡಳಿತವನ್ನೋ ಹೊಯ್ಸಳರ ದೇವಾಲಯಗಳನ್ನೋ ಕುರಿತು ನಾಲ್ಕು ಮಾತು ಹೇಳಿ ಮುಗಿಸೋಣವೆಂದು ಎಣಿಸಿದ್ದೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಇತಿಹಾಸ ಪಾಠ ಹೇಳಿದವನಿಗೆ ಅವು ಸುಲಭವಾಗಿ ಒದಗುವ ವಿಷಯಗಳು. ಆದರೆ ಅವರು ಕೇಳಿದ್ದು ಬೇರೆ. “ಮೇಷ್ಟರೆ, ನಮ್ಮ ಮಕ್ಕಳು ಹತ್ತು ವರ್ಷದವರೆಗೆ ಚೆನ್ನಾಗಿ ಓದುತ್ತಾರೆ. ಹದಿಮೂರಕ್ಕೆ ಬರುತ್ತಲೇ ಪುಸ್ತಕವನ್ನು ಕೆಳಗಿಡುತ್ತಾರೆ. ಹಾಗೆ ಇಡದವರು ಒಂದೇ ಬಗೆಯ ಕಥೆಯ ಐದಾರು ಸಂಪುಟಗಳನ್ನು ಒಂದರ ಮೇಲೊಂದು ಓದುತ್ತ ಕೂರುತ್ತಾರೆ. ಇವರ ಕೈಗೆ ಏನು ಕೊಡಬೇಕು, ತಾವೇ ಹೇಳಬೇಕು” ಎಂದರು. ಇದು ತಂದೆತಾಯಿಗಳ ಪ್ರಶ್ನೆಯಾಗಿ ಕಂಡರೂ ಇದಕ್ಕೊಂದು ಇತಿಹಾಸವಿದೆ. ನೀವು ನೆಲೆಸಿರುವ ಈ ಅಮೆರಿಕದಲ್ಲಿಯೂ ಇದೆ, ನಮ್ಮ ಕರ್ನಾಟಕದಲ್ಲಿಯೂ ಇದೆ. ಆದುದರಿಂದ ಒಪ್ಪಿಕೊಂಡೆ.

ಒಪ್ಪಿಕೊಳ್ಳುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಈ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೇನೆ. ೧೯೭೪ರಲ್ಲಿ ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಗೆ ಹೊಸದಾಗಿ ಸೇರಿದ್ದೆ. ಒಂದು ಮಧ್ಯಾಹ್ನ ಮೌರ್ಯರ ಆಡಳಿತವನ್ನು ವಿವರಿಸುತ್ತಿದ್ದಾಗ, ಕೊನೆಯ ಬೆಂಚಿನ ಹುಡುಗನೊಬ್ಬ ಪಠ್ಯಪುಸ್ತಕದ ಮರೆಯಲ್ಲಿ ಇನ್ನೊಂದು ಸಣ್ಣ ಪುಸ್ತಕವನ್ನಿಟ್ಟುಕೊಂಡು ಓದುತ್ತಿರುವುದು ಕಣ್ಣಿಗೆ ಬಿತ್ತು. ಅದು ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ. ಕಿತ್ತುಕೊಂಡೆ. ಹುಡುಗನನ್ನು ತರಗತಿಯ ಮುಂದೆ ನಿಲ್ಲಿಸಿ, ಕಸ ಓದಿದರೆ ತಲೆಯಲ್ಲಿ ಕಸವೇ ತುಂಬುತ್ತದೆಂದು ಉಪದೇಶವನ್ನೂ ಮಾಡಿದೆ. ಪುಸ್ತಕವನ್ನು ಹಿಂದಿರುಗಿಸಲಿಲ್ಲ. ಇಪ್ಪತ್ತೈದು ವರ್ಷಗಳ ಮೇಲೆ ಅದೇ ಊರಿಗೆ ಒಂದು ಮದುವೆಗಾಗಿ ಹೋದಾಗ, ಬಸ್ ನಿಲ್ದಾಣದ ಎದುರಿನ ದಿನಸಿ ಅಂಗಡಿಯ ಯಜಮಾನ ನನ್ನನ್ನು ಗುರುತು ಹಿಡಿದು, ಕೂರಿಸಿ, ಕಾಫಿ ತರಿಸಿದ. ಆ ಹುಡುಗನೇ ಅವನು. “ಈಗ ಏನಾದರೂ ಓದುತ್ತೀಯೇನಯ್ಯ?” ಎಂದು ಕೇಳಿದೆ. “ಇಲ್ಲ ಸಾರ್, ಆಮೇಲೆ ಓದೋ ಅಭ್ಯಾಸವೇ ತಪ್ಪಿಹೋಯ್ತು. ಆದರೆ ಆ ಪುಸ್ತಕದಲ್ಲಿ ಕೊಲೆ ಮಾಡಿದೋನು ಯಾರು ಅಂತ ನಂಗೆ ಇವತ್ತಿಗೂ ಗೊತ್ತಾಗಲಿಲ್ಲ” ಎಂದು ನಕ್ಕ. ಅವನ ಮಾತಿನಲ್ಲಿ ಆಕ್ಷೇಪಣೆಯೇನೂ ಇರಲಿಲ್ಲ. ಆದರೂ ಆ ದಿನದ ಕಾಫಿ ನನಗೆ ರುಚಿಸಲಿಲ್ಲ.

ನಾನು ಆ ದಿನ ಆಡಿದ ಮಾತನ್ನು ನನಗಿಂತ ಮೊದಲು ಎಷ್ಟೋ ದೇಶಗಳಲ್ಲಿ ಎಷ್ಟೋ ಜನ ಹಿರಿಯರು ಆಡಿದ್ದರು ಎಂಬುದು ನಿವೃತ್ತನಾದ ಮೇಲೆ ಓದಿ ತಿಳಿದದ್ದು. ಆ ಕಥೆಯನ್ನು ನೀವಿರುವ ನೆಲದಿಂದಲೇ ಆರಂಭಿಸುತ್ತೇನೆ.

೧೮೬೦ರಲ್ಲಿ ಬೀಡಲ್ ಎಂಬ ಪ್ರಕಾಶಕರು ಅಮೆರಿಕದಲ್ಲಿ ಹತ್ತು ಸೆಂಟಿನ ಕಾದಂಬರಿಗಳನ್ನು ಹೊರತರಲಾರಂಭಿಸಿದರು. ತೆಳುವಾದ ಕಾಗದದ ಹೊದಿಕೆ, ಅಗ್ಗದ ಅಚ್ಚು, ಗಡಿನಾಡಿನ ಸಾಹಸದ ಕಥೆಗಳು. ಓದು ಬಲ್ಲ ದುಡಿಮೆಗಾರರೂ ಹುಡುಗರೂ ಅವುಗಳಿಗೆ ಮುಗಿಬಿದ್ದರು. ಹಿರಿಯರಿಗೆ ಕಳವಳವಾಯಿತು. ಆಂಥೋನಿ ಕಾಮ್‌ಸ್ಟಾಕ್ ಎಂಬ ನೀತಿಪ್ರಚಾರಕರು ೧೮೮೩ರಲ್ಲಿ ಬರೆದ ಪುಸ್ತಕದಲ್ಲಿ, ಎಳೆಯರಿಗೆ ಸೈತಾನನು ಒಡ್ಡಿರುವ ಬಲೆಗಳ ಸಾಲಿನಲ್ಲಿ ಜೂಜು ಮುಂತಾದವುಗಳೊಡನೆ ಈ ಅಗ್ಗದ ಕಾದಂಬರಿಗಳನ್ನೂ ಸೇರಿಸಿದರು.

ಇದೇ ಕಾಲದಲ್ಲಿ ನ್ಯೂಜೆರ್ಸಿಯ ಎಲಿಜಬೆತ್ ಎಂಬ ಊರಿನಲ್ಲಿ ಎಡ್ವರ್ಡ್ ಸ್ಟ್ರೇಟ್‌ಮೆಯರ್ ಎಂಬ ತರುಣನಿದ್ದ. ೧೮೬೨ರಲ್ಲಿ ಹುಟ್ಟಿದವನು. ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಕಂದು ಕಾಗದದ ಮೇಲೆ ತನ್ನ ಮೊದಲ ಕಥೆಯನ್ನು ಬರೆದನೆಂದೂ, ಮಕ್ಕಳ ಪತ್ರಿಕೆಯೊಂದು ಅದಕ್ಕೆ ಎಪ್ಪತ್ತೈದು ಡಾಲರ್ ಕೊಟ್ಟಿತೆಂದೂ ಹೇಳುತ್ತಾರೆ. ೧೮೯೯ರಲ್ಲಿ ಅವನು ವಸತಿಶಾಲೆಯಲ್ಲಿ ಓದುವ ಮೂವರು ಸಹೋದರರ ಕಥೆಯನ್ನು ಬರೆದ. ಒಂದೇ ಪುಸ್ತಕವಾಗಿ ಅಲ್ಲ, ಅದೇ ಪಾತ್ರಗಳು ಮತ್ತೆ ಮತ್ತೆ ಬರುವ ಪುಸ್ತಕಮಾಲೆಯಾಗಿ. ಅದಕ್ಕೆ ದೊರೆತ ಸ್ವಾಗತವನ್ನು ಕಂಡು ಅವನಿಗೆ ಒಂದು ಸತ್ಯ ಹೊಳೆಯಿತು. ಹರೆಯದ ಓದುಗನು ಬರಿಯ ಕಥೆಗಾಗಿ ಓದುವುದಿಲ್ಲ. ತನಗೆ ಪರಿಚಯವಾದವರನ್ನು ಮತ್ತೆ ಭೇಟಿಯಾಗುವುದಕ್ಕಾಗಿ ಓದುತ್ತಾನೆ.

ಆದರೆ ಒಬ್ಬನೇ ಕುಳಿತು ಎಷ್ಟು ಬರೆಯಬಲ್ಲ? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವನು ಬರವಣಿಗೆಯ ಕಾರ್ಖಾನೆಯನ್ನೇ ಹೂಡಿದ. ಕಥೆಯ ಹಂದರವನ್ನು ಕೆಲವು ಪುಟಗಳಲ್ಲಿ ತಾನು ಬರೆದುಕೊಡುವುದು. ಅದನ್ನು ಕಾದಂಬರಿಯಾಗಿ ಬೆಳೆಸುವ ಕೆಲಸವನ್ನು ಪತ್ರಕರ್ತರಿಗೋ ಬಡ ಲೇಖಕರಿಗೋ ವಹಿಸುವುದು. ಅವರಿಗೆ ಒಂದೇ ಸಲ ಇಂತಿಷ್ಟೆಂದು ಹಣ ಕೊಟ್ಟು ಎಲ್ಲ ಹಕ್ಕುಗಳನ್ನೂ ಬರೆಸಿಕೊಳ್ಳುವುದು. ಹೊದಿಕೆಯ ಮೇಲೆ ಎಲ್ಲಿಯೂ ಇಲ್ಲದ ಲೇಖಕನೊಬ್ಬನ ಹೆಸರನ್ನು ಅಚ್ಚು ಹಾಕುವುದು. ಬೆಲೆಯನ್ನು ಐವತ್ತು ಸೆಂಟಿಗೆ ಇಳಿಸಿ, ಹುಡುಗರು ತಮ್ಮ ಕೈಖರ್ಚಿನಿಂದಲೇ ಕೊಳ್ಳುವಂತೆ ಮಾಡಿದ. ಹೊಸ ಮಾಲೆಯನ್ನು ಆರಂಭಿಸುವಾಗ ಮೊದಲ ಮೂರು ಪುಸ್ತಕಗಳನ್ನು ಒಟ್ಟಿಗೇ ಹೊರತರುವುದು ರೂಢಿಯಾಯಿತು. ಪ್ರತಿ ಅಧ್ಯಾಯವೂ ಕುತೂಹಲದ ತುದಿಯಲ್ಲಿ ನಿಲ್ಲುವುದು, ಪುಸ್ತಕದ ಆರಂಭದಲ್ಲಿ ಹಿಂದಿನ ಸಂಪುಟಗಳ ನೆನಪು, ಕೊನೆಯಲ್ಲಿ ಮುಂದಿನ ಸಂಪುಟದ ಸೂಚನೆ, ಇವೆಲ್ಲ ಅವನ ಕಾರ್ಖಾನೆಯ ಪದ್ಧತಿಗಳು. ೧೯೨೭ರಲ್ಲಿ ಹಾರ್ಡಿ ಬಾಯ್ಸ್ ಬಂದಿತು. ೧೯೩೦ರ ಏಪ್ರಿಲ್ ೨೮ರಂದು ನ್ಯಾನ್ಸಿ ಡ್ರೂ ಮಾಲೆಯ ಮೊದಲ ಮೂರು ಪುಸ್ತಕಗಳು ಹೊರಬಂದವು. ಹನ್ನೆರಡು ದಿನಗಳ ಮೇಲೆ, ಮೇ ೧೦ರಂದು, ಸ್ಟ್ರೇಟ್‌ಮೆಯರ್ ತೀರಿಕೊಂಡ. ತಾನು ರೂಪಿಸಿದ ಹುಡುಗಿ ಎಷ್ಟು ದೂರ ಹೋಗುವಳೆಂಬುದನ್ನು ನೋಡಲು ಅವನು ಉಳಿಯಲಿಲ್ಲ. ಸಂಸ್ಥೆಯನ್ನು ಅವನ ಹೆಣ್ಣುಮಕ್ಕಳಾದ ಹ್ಯಾರಿಯೆಟ್ ಮತ್ತು ಎಡ್ನಾ ಮುಂದುವರಿಸಿದರು.

ಈ ಮಾಲೆಗಳ ನಿಜವಾದ ಲೇಖಕರ ಕಥೆ ಮನ ಕರಗಿಸುವಂಥದು. ನ್ಯಾನ್ಸಿ ಡ್ರೂ ಪುಸ್ತಕಗಳ ಮೇಲೆ ಕ್ಯಾರೊಲಿನ್ ಕೀನ್ ಎಂಬ ಹೆಸರಿದ್ದರೂ, ಮೊದಲ ಮೂವತ್ತರಲ್ಲಿ ಇಪ್ಪತ್ಮೂರನ್ನು ಬರೆದವರು ಅಯೋವಾದ ಮಿಲ್ಡ್ರೆಡ್ ವರ್ಟ್ ಬೆನ್ಸನ್. ೧೯೦೫ರಲ್ಲಿ ಹುಟ್ಟಿದ ಆಕೆ ಪತ್ರಿಕೋದ್ಯಮದಲ್ಲಿ ಸ್ನಾತಕೋತ್ತರ ಪದವಿ ಪಡೆದವರು. ವಿಮಾನ ಹಾರಿಸಲು ಕಲಿತವರು. ಮೊದಲ ಪುಸ್ತಕಗಳಿಗೆ ಆಕೆಗೆ ಸಂದದ್ದು ತಲಾ ನೂರಿಪ್ಪತ್ತೈದು ಡಾಲರ್. ಆರ್ಥಿಕ ಮುಗ್ಗಟ್ಟಿನ ವರ್ಷಗಳಲ್ಲಿ ಅದೂ ಇಳಿಯಿತು. ೧೯೮೦ರಲ್ಲಿ ಪ್ರಕಾಶಕರ ನಡುವಣ ವ್ಯಾಜ್ಯವೊಂದು ನ್ಯೂಯಾರ್ಕಿನ ನ್ಯಾಯಾಲಯಕ್ಕೆ ಬಂದಾಗ ಆಕೆ ಸಾಕ್ಷಿ ಹೇಳಬೇಕಾಯಿತು. ನ್ಯಾನ್ಸಿಯನ್ನು ಬರೆದ ಕೈ ಯಾವುದೆಂದು ಲೋಕಕ್ಕೆ ಚೆನ್ನಾಗಿ ತಿಳಿದದ್ದು ಆಗ. ೨೦೦೨ರಲ್ಲಿ, ತೊಂಬತ್ತಾರನೆಯ ವಯಸ್ಸಿನಲ್ಲಿ, ತೀರಿಕೊಳ್ಳುವವರೆಗೂ ಆಕೆ ಪತ್ರಿಕೆಗೆ ಬರೆಯುತ್ತಲೇ ಇದ್ದರು. ಹಾರ್ಡಿ ಸಹೋದರರ ಆರಂಭದ ಕಥೆಗಳನ್ನು ಬರೆದ ಲೆಸ್ಲಿ ಮೆಕ್‌ಫಾರ್ಲೇನ್ ಕೆನಡಾದವರು. ಆ ಪುಸ್ತಕಗಳು ತಮ್ಮವೆಂದು ಮನೆಯ ಮಕ್ಕಳಿಗೂ ಅವರು ಬಹುಕಾಲ ಹೇಳಿರಲಿಲ್ಲ. ಹಿರಿಯರ ತಿರಸ್ಕಾರ ಎಷ್ಟು ಗಾಢವಾಗಿತ್ತೆಂದರೆ, ಬರೆದವರಿಗೂ ಅದು ಹೇಳಿಕೊಳ್ಳುವ ಕೆಲಸವಾಗಿ ಕಾಣುತ್ತಿರಲಿಲ್ಲ.

ಆ ತಿರಸ್ಕಾರದ ಸ್ವರೂಪವನ್ನೂ ನೋಡೋಣ. ೧೯೧೪ರಲ್ಲಿ ಬಾಲಚರ ಸಂಸ್ಥೆಯ ಮುಖ್ಯ ಗ್ರಂಥಪಾಲಕರಾಗಿದ್ದ ಫ್ರಾಂಕ್ಲಿನ್ ಮ್ಯಾಥ್ಯೂಸ್ ಒಂದು ಲೇಖನ ಬರೆದರು. ‘ಹುಡುಗನ ಮೆದುಳನ್ನು ಸಿಡಿಸಿಹಾಕುವುದು’ ಎಂಬ ಅರ್ಥದ ತಲೆಬರಹ ಅದಕ್ಕೆ. ಇಂಥ ಅಗ್ಗದ ಮಾಲೆಗಳು ಮಕ್ಕಳ ಕಲ್ಪನಾಶಕ್ತಿಯನ್ನು ಸಿಡಿಮದ್ದಿನಂತೆ ಹಾಳುಗೆಡಹುತ್ತವೆ ಎಂಬುದು ಅವರ ವಾದ. ೧೯೨೯ರಲ್ಲಿ ಮೇರಿ ರೂಟ್ ಎಂಬ ಗ್ರಂಥಪಾಲಕಿ, ಗ್ರಂಥಾಲಯಗಳು ಎರವಲು ಕೊಡಬಾರದ ಪುಸ್ತಕಮಾಲೆಗಳ ಪಟ್ಟಿಯನ್ನೇ ಪ್ರಕಟಿಸಿದರು. ಅನೇಕ ಸಾರ್ವಜನಿಕ ಗ್ರಂಥಾಲಯಗಳು ದಶಕಗಳ ಕಾಲ ನ್ಯಾನ್ಸಿಗೂ ಹಾರ್ಡಿ ಸಹೋದರರಿಗೂ ಬಾಗಿಲು ತೆರೆಯಲಿಲ್ಲ. ಅಟ್ಲಾಂಟಿಕ್‌ನ ಆಚೆ, ಇಂಗ್ಲೆಂಡಿನಲ್ಲಿ ಈನಿಡ್ ಬ್ಲೈಟನ್ನಳ ಪಾಡೂ ಹೆಚ್ಚು ಭಿನ್ನವಾಗಿರಲಿಲ್ಲ. ೧೯೪೨ರಿಂದ ೧೯೬೩ರವರೆಗೆ ಅವಳ ‘ಫೇಮಸ್ ಫೈವ್’ ಮಾಲೆಯಲ್ಲಿ ಇಪ್ಪತ್ತೊಂದು ಪುಸ್ತಕಗಳು ಬಂದವು. ಮಕ್ಕಳು ಓದುತ್ತ ಹೋದರು, ಹಿರಿಯರು ಮುಖ ಸಿಂಡರಿಸುತ್ತ ಹೋದರು.

ಈ ಹಿರಿಯರನ್ನು ನಾವು ಸಾರಾಸಗಟಾಗಿ ಗೇಲಿ ಮಾಡಬಾರದು. ಮ್ಯಾಥ್ಯೂಸ್ ಬರಿದೇ ಬೈದು ಸುಮ್ಮನಾದವರಲ್ಲ. ಹುಡುಗರಿಗೆ ಒಳ್ಳೆಯ ಪುಸ್ತಕಗಳು ಅಗ್ಗದ ಬೆಲೆಗೆ ದೊರೆಯುವಂತೆ ಪ್ರಕಾಶಕರ ಬೆನ್ನು ಹತ್ತಿದರು. ೧೯೧೯ರಲ್ಲಿ ಆರಂಭವಾಗಿ ಇಂದಿಗೂ ಈ ದೇಶದಲ್ಲಿ ನಡೆಯುತ್ತಿರುವ ಮಕ್ಕಳ ಪುಸ್ತಕ ಸಪ್ತಾಹದ ಹಿಂದೆ ಅವರ ಪ್ರಯತ್ನವಿದೆ. ಅಲ್ಲದೆ ಆ ಹಳೆಯ ಮಾಲೆಗಳಲ್ಲಿ ನಿಜವಾದ ದೋಷಗಳೂ ಇದ್ದವು. ಕಪ್ಪು ಜನರನ್ನೂ ವಲಸೆ ಬಂದವರನ್ನೂ ಹಾಸ್ಯಾಸ್ಪದರನ್ನಾಗಿಯೋ ಕಳ್ಳರನ್ನಾಗಿಯೋ ಚಿತ್ರಿಸುವುದು ಅವುಗಳಲ್ಲಿ ಸಾಮಾನ್ಯವಾಗಿತ್ತು. ೧೯೫೯ರಿಂದ ಆ ಪುಸ್ತಕಗಳನ್ನು ತಿದ್ದಿ, ಕುಗ್ಗಿಸಿ, ಮತ್ತೆ ಅಚ್ಚು ಹಾಕಬೇಕಾಯಿತು. ನಾವೇ ವಲಸೆ ಬಂದವರಾಗಿರುವಾಗ ಈ ಮಾತನ್ನು ಮರೆಯುವಂತಿಲ್ಲ. ಮಕ್ಕಳು ಓದುವುದನ್ನು ಹಿರಿಯರು ಓದಿ ನೋಡಬೇಕೆನ್ನುವುದು ಈ ಕಾರಣಕ್ಕೆ. ಓದದೆಯೇ ಕಿತ್ತುಕೊಳ್ಳುವುದಕ್ಕೆ ಅಲ್ಲ.

ಕೊನೆಗೆ ಏನಾಯಿತು? ಮೆದುಳು ಸಿಡಿಯಲಿಲ್ಲ. ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಪೀಠವನ್ನೇರಿದ ಮೊದಲ ಮೂವರು ಮಹಿಳೆಯರು ಸಾಂಡ್ರಾ ಡೇ ಓ’ಕಾನರ್, ರೂತ್ ಬೇಡರ್ ಗಿನ್ಸ್‌ಬರ್ಗ್ ಮತ್ತು ಸೋನಿಯಾ ಸೊಟೊಮಾಯೋರ್. ಮೊದಲನೆಯವರು ೧೯೮೧ರಲ್ಲಿ, ಎರಡನೆಯವರು ೧೯೯೩ರಲ್ಲಿ, ಮೂರನೆಯವರು ೨೦೦೯ರಲ್ಲಿ ನೇಮಕಗೊಂಡರು. ಈ ಮೂವರೂ ಎಳವೆಯಲ್ಲಿ ನ್ಯಾನ್ಸಿ ಡ್ರೂವನ್ನು ಪ್ರೀತಿಯಿಂದ ಓದಿದವರು. ಅದನ್ನು ಬಹಿರಂಗವಾಗಿಯೇ ನೆನೆದವರು. ಕಾರ್ಖಾನೆಯಲ್ಲಿ ತಯಾರಾದ ಕಥೆಯಿಂದಲೂ ಒಂದು ಹೆಣ್ಣುಮಗು ತನಗೆ ಬೇಕಾದ ಧೈರ್ಯವನ್ನು ಹೆಕ್ಕಿಕೊಂಡಿತು ಎಂಬುದಕ್ಕೆ ಇದು ಸಾಕ್ಷಿ.

ಇನ್ನು ನಮ್ಮ ನಾಡಿಗೆ ಬರೋಣ. ಮುಂದಿನ ಭಾಗಕ್ಕಾಗಿ ಕಾಯುವ ಸುಖವನ್ನು ನಾವು ಯಾರಿಂದಲೂ ಎರವಲು ತರಬೇಕಾಗಿರಲಿಲ್ಲ. ಮಳೆಗಾಲದ ಸಂಜೆಗಳಲ್ಲಿ ದೇವಸ್ಥಾನದ ಜಗಲಿಯ ಮೇಲೆ ಗಮಕಿಗಳು ಕುಮಾರವ್ಯಾಸ ಭಾರತವನ್ನು ವಾಚಿಸುತ್ತಿದ್ದಾಗ, ಹತ್ತು ಪರ್ವಗಳ ಆ ಕಾವ್ಯ ಒಂದೇ ರಾತ್ರಿಗೆ ಮುಗಿಯುವುದೇ? ಕೀಚಕನ ಮನೆಗೆ ಸೈರಂಧ್ರಿ ಹೊರಡುವಲ್ಲಿಗೆ ನಿಲ್ಲಿಸಿ ಮಂಗಳಾರತಿ ಎತ್ತಿದರೆ, ಮರುದಿನ ಊರಿನ ಹುಡುಗರು ಮೊದಲೇ ಬಂದು ಮುಂದಿನ ಸಾಲಿನಲ್ಲಿ ಕುಳಿತಿರುತ್ತಿದ್ದರು. ಅಕ್ಷರ ಬಾರದವರೂ ಮುಂದಿನ ಸಂಪುಟಕ್ಕಾಗಿ ಕಾಯುತ್ತಿದ್ದ ನಾಡು ನಮ್ಮದು.

ಅಚ್ಚಿನ ಕಾಲ ಬಂದಾಗ ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕಾದಂಬರಿಗಳನ್ನು ಒಂದಾದಮೇಲೊಂದರಂತೆ ಕನ್ನಡಕ್ಕೆ ತಂದರು. ಒಂದನ್ನು ಓದಿ ಮುಗಿಸಿದವರಿಗೆ ಇನ್ನೊಂದು ಸಿದ್ಧವಾಗಿರುತ್ತಿತ್ತು. ಉತ್ತರದಲ್ಲಿ ಗಳಗನಾಥರು ಐತಿಹಾಸಿಕ ಕಾದಂಬರಿಗಳನ್ನು ಬರೆದರು, ಅಗಡಿಯಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ಯ ಮೂಲಕ ಓದುಗರನ್ನು ತಿಂಗಳು ತಿಂಗಳೂ ಹಿಡಿದಿಟ್ಟರು, ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ೧೯೩೩ರಲ್ಲಿ ಜಿ.ಬಿ. ಜೋಶಿಯವರು ಗೆಳೆಯರೊಡನೆ ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರಿಗೆ ಪುಸ್ತಕಗಳನ್ನು ಅಂಚೆಯಲ್ಲಿ ಮನೆಗೇ ತಲುಪಿಸಿತು. ಹೆಸರಿನಲ್ಲಿಯೇ ‘ಮಾಲೆ’ ಇದೆ, ನೋಡಿ. ಹೂವು ಒಂದಾದರೆ ಸಾಲದು, ಪೋಣಿಸಬೇಕು ಎಂಬುದು ಅವರಿಗೆ ತಿಳಿದಿತ್ತು.

ಮಕ್ಕಳ ಕಡೆಗೆ ನೋಡಿದರೆ ಶಿವರಾಮ ಕಾರಂತರು ೧೯೩೬ರಲ್ಲಿಯೇ ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ಹೊರತಂದರು. ೧೯೪೯ರ ಜುಲೈಯಲ್ಲಿ ‘ಚಂದಮಾಮ’ ಕನ್ನಡದಲ್ಲಿ ಬರತೊಡಗಿತು. ಛಲ ಬಿಡದ ವಿಕ್ರಮನೂ ಮತ್ತೆ ಮರಕ್ಕೆ ಹಾರುವ ಬೇತಾಳನೂ ತಿಂಗಳಿಗೊಮ್ಮೆ ನಮ್ಮ ಮನೆಗೆ ಬರುತ್ತಿದ್ದ ನೆಂಟರು. ಆ ಪತ್ರಿಕೆ ಈಗಿಲ್ಲವೆಂಬುದು ನಿಮಗೆ ಗೊತ್ತು. ೧೯೬೫ರಲ್ಲಿ ಬೆಂಗಳೂರಿನ ಐ.ಬಿ.ಎಚ್. ಸಂಸ್ಥೆಯ ಜಿ.ಕೆ. ಅನಂತರಾಮ್ ಪಾಶ್ಚಾತ್ಯ ಕಿನ್ನರಕಥೆಗಳ ಚಿತ್ರಪುಸ್ತಕಗಳನ್ನು ಕನ್ನಡದಲ್ಲಿ ಹೊರತಂದರು. ಮುಂದೆ ಕಾರ್ಕಳದ ಅನಂತ ಪೈಯವರ ಸಂಪಾದಕತ್ವದಲ್ಲಿ ದೇಶದ ಉದ್ದಗಲಕ್ಕೂ ಹರಡಿದ ‘ಅಮರ ಚಿತ್ರ ಕಥೆ’ಯ ಬೇರು ಅಲ್ಲಿದೆ. ೧೯೭೦ರ ದಶಕದಲ್ಲಿ ರಾಷ್ಟ್ರೋತ್ಥಾನ ಸಾಹಿತ್ಯದವರು ಪ್ರೊ. ಎಲ್.ಎಸ್. ಶೇಷಗಿರಿ ರಾಯರ ಸಂಪಾದಕತ್ವದಲ್ಲಿ ಆರಂಭಿಸಿದ ‘ಭಾರತ ಭಾರತಿ’ಯ ಪುಟ್ಟ ಜೀವನಚರಿತ್ರೆಗಳು ಐನೂರ ಹತ್ತಕ್ಕೆ ಮುಟ್ಟಿದವು. ಅಂಗೈಯಗಲದ ಆ ಪುಸ್ತಕಗಳನ್ನು ಸಂಖ್ಯೆ ನೋಡಿ ಕೂಡಿಡುತ್ತಿದ್ದವರು ಈ ಸಭೆಯಲ್ಲಿಯೂ ಇದ್ದೀರಿ. ತಲೆಯಾಡಿಸುತ್ತಿರುವುದನ್ನು ನಾನು ಇಲ್ಲಿಂದಲೇ ನೋಡುತ್ತಿದ್ದೇನೆ.

ಆದರೆ ಹದಿಮೂರರ ವಯಸ್ಸು ಇವೆಲ್ಲವನ್ನೂ ದಾಟುವ ವಯಸ್ಸು. ಆ ಹುಡುಗರಿಗೆ ಮಕ್ಕಳ ಪುಸ್ತಕ ನಾಚಿಕೆ. ಹಿರಿಯರ ಪುಸ್ತಕ ಭಾರ. ಈ ಹೊಳೆಯನ್ನು ನಮ್ಮ ಕಾಲದಲ್ಲಿ ದಾಟಿಸಿದ ಅಂಬಿಗ ಯಾರು? ಪಂಡಿತರು ಒಪ್ಪಲಿ ಬಿಡಲಿ, ಎನ್. ನರಸಿಂಹಯ್ಯನವರೇ. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ಅವರು ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಅವರ ‘ಪತ್ತೇದಾರ ಪುರುಷೋತ್ತಮ’ ಕರ್ನಾಟಕದ ಹಳ್ಳಿಹಳ್ಳಿಗೆ ಪರಿಚಿತನಾದ. ಬಾಡಿಗೆ ಗ್ರಂಥಾಲಯದಲ್ಲಿ ದಿನಕ್ಕೆ ಕೆಲವು ಪೈಸೆ ಕೊಟ್ಟು, ರಾತ್ರಿಯೊಳಗೆ ಮುಗಿಸಿ, ಬೆಳಿಗ್ಗೆ ಹಿಂದಿರುಗಿಸಿ, ಮುಂದಿನದನ್ನು ತರುತ್ತಿದ್ದರು. ಕನ್ನಡದ ಮುದ್ರಿತ ಪುಟವನ್ನು ವೇಗವಾಗಿ, ಬೇಸರವಿಲ್ಲದೆ, ಯಾರ ಒತ್ತಾಯವೂ ಇಲ್ಲದೆ ಓದುವ ಸಾಮರ್ಥ್ಯವನ್ನು ಸಾವಿರಾರು ಜನ ಅಲ್ಲಿ ಗಳಿಸಿದರು. ೨೦೧೧ರಲ್ಲಿ ಅವರು ತೀರಿಕೊಂಡಾಗ, ತಮ್ಮ ಓದು ಆರಂಭವಾದದ್ದು ಅವರಿಂದಲೇ ಎಂದು ಅನೇಕರು ನೆನೆದರು. ಶಾಲೆಯಲ್ಲಿ ಅವರ ಪುಸ್ತಕವನ್ನು ಕಿತ್ತುಕೊಂಡವನು ನಾನು.

ಹೊಳೆ ದಾಟಿದವರಿಗೆ ಆಚೆಯ ದಡದಲ್ಲಿ ಮನೆಗಳು ಸಿದ್ಧವಿದ್ದವು. ತ.ರಾ.ಸು. ಅವರು ಚಿತ್ರದುರ್ಗದ ಪಾಳೆಯಗಾರರ ಚರಿತ್ರೆಯನ್ನು ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಎಂಬ ಮೂರು ಕಾದಂಬರಿಗಳಲ್ಲಿ ಹೇಳಿದರು. ಅಷ್ಟಕ್ಕೆ ನಿಲ್ಲದೆ ದುರ್ಗದ ಮೇಲೆಯೇ ಇನ್ನೂ ಕೆಲವನ್ನು ಬರೆದು, ಕೊನೆಗೆ ‘ದುರ್ಗಾಸ್ತಮಾನ’ದಲ್ಲಿ ಆ ಸೂರ್ಯನನ್ನು ಮುಳುಗಿಸಿದರು. ಆ ಕೃತಿಗೆ ೧೯೮೫ರಲ್ಲಿ, ಅವರು ತೀರಿಕೊಂಡ ಮರುವರ್ಷ, ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಪುಸ್ತಕಮಾಲೆಯೆಂದರೆ ಕೀಳು ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿಲ್ಲ. ಪೂರ್ಣಚಂದ್ರ ತೇಜಸ್ವಿಯವರು ಕೆನೆತ್ ಆಂಡರ್ಸನ್ನರ ಬೇಟೆಯ ಅನುಭವಗಳನ್ನು ‘ಕಾಡಿನ ಕತೆಗಳು’ ಎಂಬ ನಾಲ್ಕು ಭಾಗಗಳಾಗಿ ಕನ್ನಡಕ್ಕೆ ತಂದರು. ‘ಬೆಳ್ಳಂದೂರಿನ ನರಭಕ್ಷಕ’, ‘ಪೆದ್ದಚೆರುವಿನ ರಾಕ್ಷಸ’, ‘ಜಾಲಹಳ್ಳಿಯ ಕುರ್ಕ’, ‘ಮುನಿಶಾಮಿ ಮತ್ತು ಮಾಗಡಿ ಚಿರತೆ’, ಹೆಸರುಗಳನ್ನು ಕೇಳಿದರೇ ಹುಡುಗರು ಕೈ ಚಾಚುತ್ತಾರೆ. ಆ ಮೇಲೆ ಅವರದೇ ಮಿಲೆನಿಯಮ್ ಮಾಲೆಯ ಹದಿನಾರು ಪುಸ್ತಕಗಳು. ಸಣ್ಣ ವಾಕ್ಯ, ತಿಳಿಯಾದ ಭಾಷೆ, ಪುಟ ತಿರುಗಿಸುವ ಆತುರ. ಹರೆಯದ ಓದುಗರಿಗೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಆರಂಭ ನನಗೆ ತಿಳಿಯದು.

ಈಗ ನಿಮ್ಮ ಮಕ್ಕಳು ಓದುವುದನ್ನು ನೋಡೋಣ. ೧೯೯೭ರಲ್ಲಿ ಇಂಗ್ಲೆಂಡಿನಲ್ಲಿ ಹ್ಯಾರಿ ಪಾಟರ್ ಮಾಲೆ ಆರಂಭವಾಗಿ ೨೦೦೭ರಲ್ಲಿ ಏಳನೆಯ ಸಂಪುಟದೊಡನೆ ಮುಗಿಯಿತು. ಅದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮಾರಾಟದ ಪಟ್ಟಿಯನ್ನು ಎಷ್ಟು ಆಕ್ರಮಿಸಿತೆಂದರೆ, ೨೦೦೦ದಲ್ಲಿ ಆ ಪತ್ರಿಕೆ ಮಕ್ಕಳ ಪುಸ್ತಕಗಳಿಗೆಂದೇ ಬೇರೆ ಪಟ್ಟಿಯನ್ನು ಮಾಡಬೇಕಾಯಿತು. ಟೆಕ್ಸಾಸಿನಲ್ಲಿ ಶಾಲೆಯ ಮೇಷ್ಟರಾಗಿದ್ದ ರಿಕ್ ರಿಯೋರ್ಡನ್ ಎಂಬವರಿಗೆ ಒಬ್ಬ ಮಗ. ಅವನಿಗೆ ಅಕ್ಷರಗಳು ತೊಡಕು, ಒಂದೆಡೆ ಗಮನವಿಟ್ಟು ಕೂರುವುದು ಕಷ್ಟ. ರಾತ್ರಿ ಮಲಗುವಾಗ ತಂದೆ ಅವನಿಗೆ ಗ್ರೀಕ್ ಪುರಾಣದ ಕಥೆಗಳನ್ನು ಹೇಳುತ್ತಿದ್ದರು. ಹಳೆಯ ಕಥೆಗಳು ತೀರಿದಾಗ ಅಂಥದೇ ತೊಡಕುಳ್ಳ ಹುಡುಗನೊಬ್ಬನನ್ನು ನಾಯಕನನ್ನಾಗಿ ಮಾಡಿ ಹೊಸ ಕಥೆ ಕಟ್ಟಿದರು. ೨೦೦೫ರಲ್ಲಿ ಅದೇ ಪರ್ಸಿ ಜಾಕ್ಸನ್ ಮಾಲೆಯಾಗಿ ಹೊರಬಂದಿತು. ಅದೇ ರಿಯೋರ್ಡನ್ನರ ಆಶ್ರಯದಲ್ಲಿ ರೋಶನಿ ಚೋಕ್ಷಿಯವರು ೨೦೧೮ರಿಂದ ೨೦೨೨ರವರೆಗೆ ‘ಆರು ಶಾ’ ಎಂಬ ಭಾರತೀಯ ಮೂಲದ ಅಮೆರಿಕನ್ ಹುಡುಗಿಯ ಮಾಲೆಯನ್ನು ಐದು ಸಂಪುಟಗಳಲ್ಲಿ ಬರೆದರು. ಪಾಂಡವರ ಆತ್ಮಗಳು ಈ ಕಾಲದ ಮಕ್ಕಳಲ್ಲಿ ಮರುಹುಟ್ಟು ಪಡೆಯುವ ಕಥೆ ಅದು.

ನನ್ನ ಮೊಮ್ಮಗಳು ಇಲ್ಲಿಯೇ ಹುಟ್ಟಿದವಳು. ಈಗ ಅವಳಿಗೆ ಹದಿನಾಲ್ಕು. ಹಿಂದೆ ಬಂದಾಗಲೆಲ್ಲ ನಾನು ಮಹಾಭಾರತ ಹೇಳಲು ಕುಳಿತರೆ ಅವಳು ವಿನಯದಿಂದ ಆಕಳಿಸುತ್ತಿದ್ದಳು. ಈ ಸಲ ಬಂದ ಮೂರನೆಯ ದಿನವೇ, “ತಾತ, ಅರ್ಜುನನಿಗೆ ಊರ್ವಶಿ ಯಾಕೆ ಶಾಪ ಕೊಟ್ಟಳು?” ಎಂದು ಕೇಳಿದಳು. ಆ ಐದು ಸಂಪುಟಗಳು ಅವಳನ್ನು ನನ್ನ ಬಳಿಗೆ ಕರೆತಂದಿದ್ದವು. ನಾನು ಆ ಮೊದಲ ಸಂಪುಟವನ್ನು ಎರಡು ದಿನದಲ್ಲಿ ಓದಿ ಮುಗಿಸಿದೆ. ಸುಲಭವಾಗಿ ಒಪ್ಪುವಂಥದೇನಲ್ಲ, ನಮ್ಮ ದೇವತೆಗಳು ಅಲ್ಲಿ ಆಡುವ ಮಾತುಗಳನ್ನು ಕೇಳಿ ನನ್ನ ತಾಯಿ ಇದ್ದಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಆದರೆ ೧೯೭೪ರ ಮಧ್ಯಾಹ್ನ ನೆನಪಾಯಿತು. ಪುಸ್ತಕವನ್ನು ಕಿತ್ತುಕೊಳ್ಳಲಿಲ್ಲ. ಊರ್ವಶಿಯ ಕಥೆ ಹೇಳಿದೆ. ಅಂದು ಅವಳು ಆಕಳಿಸಲಿಲ್ಲ.

ಬಂಧುಗಳೆ, ಈ ಇತಿಹಾಸದಿಂದ ನಾವು ಕಲಿಯಬೇಕಾದುದು ಹೆಚ್ಚೇನಿಲ್ಲ. ಹರೆಯದವರು ಮಾಲೆಯನ್ನು ಹಿಡಿದಿದ್ದರೆ ಅದು ಓದು ಬೇರೂರುತ್ತಿರುವ ಲಕ್ಷಣ. ಹೊಸ ಮಾಲೆಯನ್ನು ಹುಡುಕುವಾಗ ಇದರಿಂದ ನನ್ನ ಮಗುವಿಗೆ ಏನು ಬುದ್ಧಿ ಬಂದೀತು ಎಂದು ಮೊದಲೇ ಲೆಕ್ಕ ಹಾಕಬೇಡಿ. ಹಿಂದಿನ ಮಾಲೆಯಲ್ಲಿ ಅವರಿಗೆ ಹಿಡಿಸಿದ್ದು ರಹಸ್ಯವೋ, ಗೆಳೆಯರ ಗುಂಪೋ, ಪುರಾಣವೋ, ಕಾಡೋ ಎಂದು ಕೇಳಿ, ಆ ಎಳೆಯನ್ನೇ ಹಿಡಿದು ಮುಂದಿನದನ್ನು ಆರಿಸಿ. ಪತ್ತೇದಾರಿಯಿಂದ ತ.ರಾ.ಸು. ಅವರಿಗೆ, ಬೇಟೆಯ ಕಥೆಯಿಂದ ‘ಕರ್ವಾಲೊ’ಗೆ ಹೋಗುವ ದಾರಿ ಹೀಗೆಯೇ ತೆರೆದದ್ದು. ಮೊದಲನೆಯದನ್ನು ಕೊಡುವಾಗ ಎರಡನೆಯದೂ ಮನೆಯಲ್ಲಿರಲಿ. ಸ್ಟ್ರೇಟ್‌ಮೆಯರ್ ವ್ಯಾಪಾರಕ್ಕಾಗಿ ಮೂರನ್ನು ಒಟ್ಟಿಗೆ ಹೊರತಂದ. ನಾವು ಪ್ರೀತಿಗಾಗಿ ತರಿಸಿಡೋಣ. ಮತ್ತು ಒಂದನ್ನಾದರೂ ನೀವೂ ಓದಿ. ಆಗ ಊಟದ ಹೊತ್ತಿಗೆ ಮಾತನಾಡಲು ಅಂಕಪಟ್ಟಿಯಲ್ಲದೆ ಬೇರೆ ವಿಷಯವೂ ಇರುತ್ತದೆ.

ಕನ್ನಡದ ವಿಷಯದಲ್ಲಿ ಮಾತ್ರ ನನಗೆ ಚಿಂತೆಯಿದೆ. ನಿಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ಮಕ್ಕಳು ಅಕ್ಷರ ಕಲಿಯುತ್ತಿದ್ದಾರೆ, ಪದ್ಯ ಒಪ್ಪಿಸುತ್ತಿದ್ದಾರೆ. ಆದರೆ ಅಕ್ಷರ ಕಲಿತ ಮಗುವಿನ ಕೈಗೆ ನಾವು ಇಡುವುದೇನು? ಒಂದು ಕಡೆ ಕಾಗಕ್ಕ ಗುಬ್ಬಕ್ಕನ ಕಥೆ, ಇನ್ನೊಂದು ಕಡೆ ಎಂಟುನೂರು ಪುಟದ ಮಹಾಕಾದಂಬರಿ. ನಡುವೆ ಮೆಟ್ಟಿಲಿಲ್ಲ. ಇಂಗ್ಲಿಷಿನಲ್ಲಿ ಆ ಮೆಟ್ಟಿಲನ್ನು ಅವರು ತಾವೇ ಹುಡುಕಿಕೊಳ್ಳುತ್ತಾರೆ. ಕನ್ನಡದಲ್ಲಿ ನಾವೇ ಇಡಬೇಕು. ನಿಧಾನವಾಗಿ ಓದುವ ಮಗುವಿಗೆ ದಿನಕ್ಕೆ ಎರಡು ಪುಟವನ್ನು ನೀವೇ ಓದಿ ಹೇಳಿ, ಕುತೂಹಲದ ಜಾಗದಲ್ಲಿ ನಿಲ್ಲಿಸಿ. ನಮ್ಮ ಗಮಕಿಗಳ ವಿದ್ಯೆ ಅದು. ಅದನ್ನು ಕಲಿಯಲು ಯಾರೂ ಶಾಲೆಗೆ ಹೋಗಬೇಕಾಗಿಲ್ಲ.

ಮುಗಿಸುವ ಮೊದಲು ಇನ್ನೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಈ ಸಲ ಹೊರಡುವಾಗ ಮೊಮ್ಮಗಳಿಗಾಗಿ ‘ಕಾಡಿನ ಕತೆಗಳು’ ಮೊದಲ ಭಾಗವನ್ನು ತಂದಿದ್ದೆ. ಊಟವಾದ ಮೇಲೆ ದಿನಕ್ಕೆ ನಾಲ್ಕು ಪುಟ ನಾನು ಓದುವುದು, ಅರ್ಧ ಪುಟ ಅವಳು ಓದುವುದು ಎಂದು ಒಪ್ಪಂದವಾಯಿತು. ಒತ್ತಕ್ಷರ ಬಂದಲ್ಲಿ ತಡೆಯ್ದು, ಬೆರಳಿಟ್ಟು ಓದುತ್ತಿದ್ದವಳು, ಮೂರನೆಯ ವಾರ ನಾನು ನಿದ್ದೆ ಬರುತ್ತಿದೆಯೆಂದು ಪುಸ್ತಕ ಮುಚ್ಚಿದರೆ ಅದನ್ನು ತೆಗೆದುಕೊಂಡು ತಾನೇ ಮುಂದೆ ಓದಲು ಪ್ರಯತ್ನಿಸಿದಳು. ಮೊನ್ನೆ ಪುಸ್ತಕ ಮುಗಿಯಿತು. “ಮುಂದಿನದು ಎಲ್ಲಿ ತಾತ?” ಎಂದಳು. ಮುಂದಿನ ಮೂರು ಭಾಗಗಳೂ ಮೈಸೂರಿನ ನನ್ನ ಮನೆಯ ಬೀರುವಿನಲ್ಲಿವೆ. ತೂಕ ಹೆಚ್ಚಾಯಿತೆಂದು ಹೊರಡುವ ಹಿಂದಿನ ರಾತ್ರಿ ಪೆಟ್ಟಿಗೆಯಿಂದ ತೆಗೆದಿಟ್ಟು, ಆ ಜಾಗದಲ್ಲಿ ಚಟ್ನಿಪುಡಿ, ಹುರಿಹಿಟ್ಟು ಮತ್ತು ಉಪ್ಪಿನಕಾಯಿಯ ಡಬ್ಬಗಳನ್ನು ತುಂಬಿದ್ದೆವು.

ಆದುದರಿಂದ ನಿಮ್ಮಲ್ಲಿ ನನ್ನದೊಂದು ಬಿನ್ನಹ. ಬೇಸಗೆಯ ರಜೆಗೆ ನಿಮ್ಮಲ್ಲಿ ಹಲವರು ಊರಿಗೆ ಹೋಗಿಬರುವವರಿದ್ದೀರಿ. ಬರುವಾಗ ಒಂದು ಡಬ್ಬ ಉಪ್ಪಿನಕಾಯಿ ಕಡಿಮೆಯಾದರೂ ಚಿಂತೆಯಿಲ್ಲ, ಒಂದು ಮಾಲೆಯ ಎಲ್ಲ ಸಂಪುಟಗಳನ್ನೂ ತನ್ನಿ. ಒಂದು ಮನೆಯವರು ತಂದದ್ದು ಹತ್ತು ಮನೆಗಳಲ್ಲಿ ಸುತ್ತಲಿ. ಕೂಟದ ಗ್ರಂಥಭಂಡಾರದಲ್ಲಿ ಅದಕ್ಕೊಂದು ಕಪಾಟಿರಲಿ. ಅದರ ಮೊದಲ ಕಂತಾಗಿ, ನನ್ನ ಬೀರುವಿನಲ್ಲಿರುವ ಆ ಮೂರು ಭಾಗಗಳನ್ನು ಮುಂದಿನ ತಿಂಗಳು ಬರಲಿರುವ ಬೀಗರ ಕೈಯಲ್ಲಿ ತರಿಸುತ್ತಿದ್ದೇನೆ. ಮೊಮ್ಮಗಳು ಓದಿ ಮುಗಿಸಿದ ಮೇಲೆ ನಾಲ್ಕೂ ಭಾಗಗಳು ನಿಮ್ಮ ಕೂಟದವು.